ಬೋರ್ಡ್ ಬಿಚ್ಚಿದ್ದಾಯ್ತು, ಇನ್ನೇನು ಬಾಕಿ?

ಸೀನ ಬಂದವನೇ ಚೀಲದಿಂದ ತನ್ನ ಕಂಪನಿಯ ಬೋರ್ಡ್ ತೆಗೆದು ಮೇಜಿನ ಮೇಲಿಟ್ಟ. ನಾಲ್ಕು ಮೂಲೆಗೆ ನಾಲ್ಕು ತೂತು, ಅದರಲ್ಲಿ ಒಂದಕ್ಕೆ ಮೊದಲಿನಿಂದಲೂ ಸ್ಕ್ರೂ ಇರಲಿಲ್ಲ, ಹಾಗಾಗಿ ಗೋಡೆ ಮೇಲಿದ್ದಷ್ಟು ದಿನವೂ ಅದು ಒಂದು ಕಡೆಗೆ ವಾಲಿಕೊಂಡೇ ಇತ್ತು.

"ರಿಜಿಸ್ಟರ್ಡ್ ಆಫೀಸನ್ನ ಫಾರಿನ್‌ಗೆ ಶಿಫ್ಟ್ ಮಾಡ್ತಿದ್ದೀನಿ ಕಣ್ರೋ. ಬೋರ್ಡ್ ಬಿಚ್ಚಿದ್ದಾಯ್ತು. ಅಲ್ಲಿ ಹೋಗಿ ಹೊಡೆದ್ರೆ ಮುಗೀತು."

ಲಾಯರಮ್ಮ ಬೋರ್ಡನ್ನ ಒಮ್ಮೆ, ಸೀನನನ್ನ ಒಮ್ಮೆ ನೋಡಿದಳು. (ಅವಳು ನಿಜವಾಗಿಯೂ ಲಾಯರ್. ಆ ಹೆಸರು ಮಾತ್ರ ಅವಳು ಲಾ ಓದೋಕೆ ಮುಂಚೆಯೇ ಬಿದ್ದಿದ್ದು, ಯಾಕೆ ಅಂತ ಈಗ ಗೊತ್ತಾಗುತ್ತೆ.)

"ಮೊದಲು ಅದನ್ನ ತಗೊಂಡುಹೋಗಿ ಗೋಡೆಗೆ ಹಾಕು. 2013ರ ಕಂಪನಿ ಕಾಯ್ದೆ, ಸೆಕ್ಷನ್ 12. ಆಫೀಸಿನ ಹೊರಗೆ ಹೆಸರು, ವಿಳಾಸ ಕಾಣೋ ಹಾಗೆ ಇರಲೇಬೇಕು. ಇಲ್ಲದಿದ್ರೆ ದಿನಕ್ಕೆ 1,000 ರೂಪಾಯಿ ದಂಡ, ಒಂದು ಲಕ್ಷದವರೆಗೆ."

"ಬೆಳಿಗ್ಗೆ ತಾನೇ ಬಿಚ್ಚಿದ್ದು!"

"ಮೀಟರ್ ಶುರುವಾಗಿದೆ ಅಂದ್ಕೋ" ಅಂದ ಆಡಿಟರ್. ಬೇರೆಯವರ ದಂಡದ ಲೆಕ್ಕ ಹಾಕುವಾಗ ಅವನ ಮುಖದಲ್ಲಿ ಒಂದು ಕಳೆ ಬರುತ್ತೆ.

ಸೀನ ಬಿಡಲಿಲ್ಲ. ಮನುಷ್ಯರು ದೇಶ ಬಿಟ್ಟು ದೇಶಕ್ಕೆ ಹೋಗಿ ನೆಲೆ ಊರಲ್ವಾ, ಕಂಪನಿ ಯಾಕೆ ಹೋಗಬಾರದು, ಅದಕ್ಕೆ ಹೊರೋಕೆ ಮಂಚ ಇದೆಯಾ ಬೀರು ಇದೆಯಾ, ಇರೋದು ಒಂದು ಫೈಲು ಒಂದು ಸೀಲು ಅಂತ ವಾದಕ್ಕೆ ನಿಂತ.

"ಅದೇ ತೊಂದರೆ" ಅಂದಳು ಲಾಯರಮ್ಮ. "ಮನುಷ್ಯ ಗಡಿ ದಾಟಿದ್ರೂ ಮನುಷ್ಯನೇ. ಕಂಪನಿ ಹಾಗಲ್ಲ. ಒಂದು ದೇಶದ ಕಾನೂನು 'ನೀನು ಇದ್ದೀಯ' ಅಂದಿದ್ದಕ್ಕೆ ಅದು ಇದೆ. ಆ ಕಾನೂನಿನಿಂದ ಆಚೆ ಕಾಲಿಟ್ರೆ ಇದೆಯೋ ಇಲ್ವೋ ಅನ್ನೋದೇ ಪ್ರಶ್ನೆ. ಇಲ್ಲಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗೋದಕ್ಕೇ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ದೇಶದಿಂದ ಆಚೆ ಶಿಫ್ಟ್ ಮಾಡೋ ಅರ್ಜಿ ಫಾರಂ ಅಂತಲೇ ಇಲ್ಲ."

"ಬೇರೆ ಕಡೆ ಇದೆಯಾ?"

"ಯುರೋಪಿನಲ್ಲಿ ಇದೆ. ಅಲ್ಲೂ ಸುಮ್ನೆ ಬಂದಿದ್ದಲ್ಲ. ಪೋಲೆಂಡಿನ ಪೋಲ್‌ಬುಡ್ ಅನ್ನೋ ಕಂಪನಿ ಲಕ್ಸೆಂಬರ್ಗ್‌ಗೆ ಹೊರಟಿತು. ಅಲ್ಲಿ ಹೊಸ ಹೆಸರಲ್ಲಿ ಸೇರಿಕೊಂಡೂ ಆಯ್ತು. ಪೋಲೆಂಡಿನವರು ಮಾತ್ರ, ಮೊದಲು ಕಂಪನಿ ಮುಚ್ಚಿ, ಲೆಕ್ಕ ಚುಕ್ತಾ ಮಾಡಿದ ಕಾಗದ ತನ್ನಿ, ಆಮೇಲೆ ಇಲ್ಲಿಯ ಪಟ್ಟಿಯಿಂದ ಹೆಸರು ತೆಗೀತೀವಿ ಅಂದ್ರು."

"ಅಂದ್ರೆ ಮನೆ ಬದಲಾಯಿಸೋನ ಹತ್ರ ಡೆತ್ ಸರ್ಟಿಫಿಕೇಟ್ ಕೇಳಿದ ಹಾಗಾಯ್ತು" ಅಂದೆ ನಾನು.

"ಹೂಂ. 2017ರಲ್ಲಿ ಯುರೋಪಿಯನ್ ಕೋರ್ಟು, ಹಾಗೆ ಸಾಯಿಸೋ ಹಾಗಿಲ್ಲ ಅಂತು. 2019ರಲ್ಲಿ ಅದಕ್ಕೊಂದು ನಿಯಮವೂ ಬಂತು. ನೀನು ಇರೋದು ಇಲ್ಲಿ, ಅದು ನಿನಗೆ ಬರಲ್ಲ. ನಿನಗಿರೋದು ಸೆಕ್ಷನ್ 234. ಫಾರಿನ್‌ನಲ್ಲಿ ಒಂದು ಕಂಪನಿ ಹುಟ್ಟಿಸಿ, ಇದನ್ನ ಅದರೊಳಗೆ ವಿಲೀನ ಮಾಡಬೇಕು. ರಿಸರ್ವ್ ಬ್ಯಾಂಕ್ ಒಪ್ಪಬೇಕು, ಕಂಪನಿ ಟ್ರಿಬ್ಯೂನಲ್ ಒಪ್ಪಬೇಕು."

ಆಡಿಟರ್ ತನ್ನ ಸರದಿಗೆ ಕಾಯ್ತಾ ಇದ್ದ. "ತೆರಿಗೆ ಉಳಿಯುತ್ತೆ ಅಂದ್ಕೊಂಡಿದ್ರೆ ಅದೂ ಬೇರೆ ಕಥೆ. ಶೆಲ್ ಎಣ್ಣೆ ಕಂಪನಿ ರಿಜಿಸ್ಟರ್ ಆಗಿದ್ದು ಇಂಗ್ಲೆಂಡಿನಲ್ಲಿ, ದೊಡ್ಡ ಸಾಹೇಬರು ಕೂರ್ತಿದ್ದಿದ್ದು ನೆದರ್‌ಲೆಂಡ್ಸಿನಲ್ಲಿ, ತೆರಿಗೆ ಲೆಕ್ಕವೂ ಅಲ್ಲೇ. ಆಮೇಲೆ ಸಾಹೇಬರೂ ತೆರಿಗೆಯೂ ಲಂಡನ್‌ಗೆ ಹೊರಟರು, 2022ರಲ್ಲಿ ಹೆಸರಿನ ಮುಂದಿದ್ದ 'ರಾಯಲ್ ಡಚ್' ಕೂಡ ಉದುರಿತು. ನೋಡೋದು ಬೋರ್ಡ್ ಎಲ್ಲಿದೆ ಅಂತ ಮಾತ್ರ ಅಲ್ಲ, ತೀರ್ಮಾನ ತಗೊಳ್ಳೋ ಕುರ್ಚಿ ಎಲ್ಲಿದೆ ಅಂತಲೂ. ನಮ್ಮಲ್ಲೂ ಹಾಗೇ. ಕಂಪನಿ ಅಲ್ಲಿಯದು, ಆದರೆ ನೀನು ಇಲ್ಲೇ ಕೂತು ಎಲ್ಲ ನಡೆಸ್ತೀಯ ಅಂದ್ರೆ, ತೆರಿಗೆಗೆ ಅದು ಇಲ್ಲಿಯದೇ."

ಸೀನನ ಮುಖ ಇಳಿಯಿತು.

"ನೀನು ಹೆದರ್ಬೇಡ. ವರ್ಷಕ್ಕೆ 50 ಕೋಟಿವರೆಗೆ ವಹಿವಾಟು ಇರೋರಿಗೆ ಆ ನಿಯಮ ಹಚ್ಚಲ್ಲ."

ಇದನ್ನ ಸಮಾಧಾನ ಅನ್ನಬೇಕೋ ಅವಮಾನ ಅನ್ನಬೇಕೋ ಸೀನನಿಗೆ ತಿಳಿಯಲಿಲ್ಲ.

"ದೊಡ್ಡ ದೊಡ್ಡವರು ವಾಪಸ್ ಬರ್ತಿದ್ದಾರೆ ಮಾರಾಯ" ಅಂತ ಆಡಿಟರ್ ಮುಂದುವರಿಸಿದ. "ಫೋನ್‌ಪೇ 2022ರಲ್ಲಿ ಸಿಂಗಾಪುರದಿಂದ ಭಾರತಕ್ಕೆ ಬಂತು. ಬರೋದಕ್ಕೆ ಅದರ ಹೂಡಿಕೆದಾರರು ಕಟ್ಟಿದ ತೆರಿಗೆ ಸುಮಾರು 8,000 ಕೋಟಿ."

"ಬರೋದಕ್ಕಾ?"

"ಬರೋದಕ್ಕೆ."

ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. ಎಂಟರ ಮುಂದೆ ಎಷ್ಟು ಸೊನ್ನೆ ಅಂತ ನಾನಂತೂ ಬೆರಳಲ್ಲೇ ಎಣಿಸುತ್ತಿದ್ದೆ.

"ಸರಿ, ವಿಲೀನವೇ ಮಾಡ್ತೀನಿ" ಅಂದ ಸೀನ. ಹಟಮಾರಿ. "ಯಾರ್ಯಾರನ್ನ ಕೇಳ್ಬೇಕು?"

"ಷೇರುದಾರರನ್ನ."

"ನಾನು, ನನ್ನ ಹೆಂಡ್ತಿ. ಅವಳನ್ನ ಒಪ್ಪಿಸ್ತೀನಿ."

"ಕಂಪನಿಯಿಂದ ಹಣ ಬರಬೇಕಾದವರನ್ನೂ. ಟ್ರಿಬ್ಯೂನಲ್ ಸಭೆ ಕರೆಸಿದ್ರೆ, ಬಾಕಿ ಮೊತ್ತದ ಲೆಕ್ಕದಲ್ಲಿ ಮುಕ್ಕಾಲು ಭಾಗದವರು ಹೂಂ ಅನ್ನಬೇಕು."

ನನಗೆ ಆಗ ನೆನಪಾಯಿತು. ಸೀನನ ಕಂಪನಿ ನನ್ನ ಹಳೇ ಪ್ರಿಂಟರನ್ನೂ ಎರಡು ಕುರ್ಚಿಗಳನ್ನೂ ಕೊಂಡಿತ್ತು. ಬಿಲ್ ಕೊಟ್ಟಿದ್ದೆ. ದುಡ್ಡು ಮುಂದಿನ ತಿಂಗಳು ಅಂದಿದ್ದ, ಆ ಮುಂದಿನ ತಿಂಗಳು ಎರಡು ವರ್ಷದಿಂದ ಮುಂದೇ ಇದೆ.

"ಇವನ ಕಂಪನಿ ಇನ್ಯಾರಿಗಾದ್ರೂ ದುಡ್ಡು ಕೊಡ್ಬೇಕಾ?" ಅಂತ ಆಡಿಟರನ್ನ ಕೇಳಿದೆ.

"ಇಲ್ಲ. ನೀನೊಬ್ಬನೇ."

"ಹಾಗಾದ್ರೆ ಮುಕ್ಕಾಲು ಭಾಗ...?"

"ನೀನೇ. ಉಳಿದ ಕಾಲು ಭಾಗವೂ ನೀನೇ."

ಸೀನ ನಿಧಾನವಾಗಿ ಬೋರ್ಡನ್ನ ಚೀಲಕ್ಕೆ ಹಾಕಿಕೊಂಡ. ಬಾಗಿಲ ತನಕ ಹೋದವನು ತಿರುಗಿ, "ನಿಮ್ಮನೇಲಿ ಸ್ಕ್ರೂಡ್ರೈವರ್ ಇದೆಯೇನೋ?" ಅಂದ.

ಕೊಟ್ಟೆ. ಜೊತೆಗೆ ಒಂದು ಸ್ಕ್ರೂ ಕೂಡ ಕೊಟ್ಟೆ, ಅದನ್ನ ಬಿಲ್ಲಿಗೆ ಸೇರಿಸಿದ್ದೀನಿ.