ವೆಸಿಕಲ್‌ಗೆ ‘ಸಂಚಿ’ ಅನ್ನಬಹುದಾ? ‘ಮಾಯು’ ಒಳಗಿನ ಅಂಗಕ್ಕೂ ಸಲ್ಲುತ್ತದಾ?

ಎಲ್ಲರಿಗೂ ನಮಸ್ಕಾರ,

ಶಿರಸಿಯ ಹೈಸ್ಕೂಲು ಮಕ್ಕಳ ಗೋಡೆಪತ್ರಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ಸ್ಟೆಮ್ ಸೆಲ್‌ಗಳು, ಅಂದರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲ ಜೀವಕೋಶಗಳು, ಹೊರಬಿಡುವ ವೆಸಿಕಲ್‌ಗಳು ಪೆಟ್ಟಾದ ಅಂಗಾಂಶಕ್ಕೆ ಹೇಗೆ ನೆರವಾಗುತ್ತವೆ ಅನ್ನೋದು ವಿಷಯ. ಸ್ಟೆಮ್ ಸೆಲ್‌ಗೆ ಕಾಂಡಕೋಶ, ಆಕರಕೋಶ ಎರಡೂ ಬಳಕೆಯಲ್ಲಿವೆ. ಆ ಜಗಳ ಈಗ ಬೇಡ, ನಾನು ಆಕರಕೋಶ ಅಂತ ಬರೆದುಕೊಂಡಿದ್ದೇನೆ. ತೊಡಕು ಇರೋದು ಬೇರೆ ಎರಡು ಕಡೆ.

ಮೊದಲನೆಯದು ವೆಸಿಕಲ್. ಜೀವಕೋಶದಿಂದ ಹೊರಬೀಳುವ, ಸುತ್ತ ಕೊಬ್ಬಿನ ಪೊರೆ ಇರುವ ಕಿರುಚೀಲ ಅದು. ಒಳಗೆ ಪ್ರೋಟೀನು, ಪ್ರೋಟೀನು ಮಾಡಲು ಸೂಚನೆ ಒಯ್ಯುವಂಥ ಆರ್‌ಎನ್‌ಎ ಇರುತ್ತವೆ. ಎಕ್ಸೊಸೋಮ್ ಅನ್ನುವ ಬಗೆ ಸುಮಾರು 30ರಿಂದ 150 ನ್ಯಾನೊಮೀಟರ್ ಅಷ್ಟೇ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಕಾಣುವ ಮಾತೇ ಇಲ್ಲ. ‘ಕೋಶಿಕೆ’ ಅಂದರೆ ಮಕ್ಕಳು ಸಣ್ಣ ಜೀವಕೋಶ ಅಂದುಕೊಳ್ಳುತ್ತಾರೆ. ಆದರೆ ಇದಕ್ಕೆ ಕೋಶಕೇಂದ್ರವೂ ಇಲ್ಲ, ಒಂದು ಎರಡಾಗುವುದೂ ಇಲ್ಲ. ‘ಗುಳ್ಳೆ’ ಚರ್ಮದ ಡಾಕ್ಟರಿಗೆ ಸರಿ, ಅವರು ವೆಸಿಕಲ್ ಅನ್ನೋದು ನೀರುಗುಳ್ಳೆಗೇ. ಇಲ್ಲಿ ಮುಖ್ಯವಾದದ್ದು ಒಳಗಿನ ಸರಕು.

ಅದಕ್ಕೇ ‘ಸಂಚಿ’ ಅಂತ ಯೋಚನೆ ಬಂತು. ನಮ್ಮ ಕಡೆಯ ಕವಳದ ಸಂಚಿ ಗೊತ್ತಲ್ಲ? ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಒಳಗಿಟ್ಟುಕೊಂಡು ಜಗಲಿಯಲ್ಲಿ ಕೈಯಿಂದ ಕೈಗೆ ದಾಟುವಂಥದ್ದು. ಸರಕು ದಾಟಿಸುತ್ತದೆ ಅನ್ನುವ ಈ ಗೌರವ ಎಕ್ಸೊಸೋಮ್‌ಗೆ ತಡವಾಗಿಯೇ ಸಿಕ್ಕಿತು. 1980ರ ದಶಕದಲ್ಲಿ ಕುರಿಯ ಎಳೆಯ ಕೆಂಪು ರಕ್ತಕಣಗಳಲ್ಲಿ ಅದನ್ನು ನೋಡಿದಾಗ, ಬೇಡದ್ದನ್ನು ಹೊರಗೆ ಎಸೆಯುವ ದಾರಿ ಅಂತಲೇ ತಿಳಿದಿದ್ದರು. ಕೆನಡಾದ ರೋಸ್ ಜಾನ್‌ಸ್ಟನ್ ತಂಡ 1987ರಲ್ಲಿ ಎಕ್ಸೊಸೋಮ್ ಅಂತ ಕರೆಯಿತು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು, ಒಂದು ಕೋಶದ ಆರ್‌ಎನ್‌ಎ ಇದರೊಳಗೆ ಕೂತು ಇನ್ನೊಂದು ಕೋಶಕ್ಕೆ ಹೋಗಿ ಅಲ್ಲಿ ಪ್ರೋಟೀನು ಮಾಡಿಸುತ್ತದೆ ಅಂತ ತೋರಿಸಿದರು. ಕಸದ ಬುಟ್ಟಿ ಸಂಚಿ ಆಗಿದ್ದು ಆಮೇಲೆ.

ಎರಡನೆಯದು ಇನ್ನೂ ತಲೆನೋವು: ಪೆಟ್ಟಾದ ಅಂಗಾಂಶ ‘ರಿಪೇರ್’ ಆಗೋದಕ್ಕೆ ಏನು ಅನ್ನೋದು? ‘ದುರಸ್ತಿ’ ಅಂತ ಬರೆಯಲು ನನಗೆ ಮನಸ್ಸಿಲ್ಲ. ಆಕರಕೋಶ ಚುಚ್ಚಿದರೆ ಅವೇ ಹೋಗಿ ಹೃದಯದ ಸ್ನಾಯುವಾಗುತ್ತವೆ ಅಂತ ಮೊದಲು ಆಸೆ ಇತ್ತು. ಆದರೆ ರಕ್ತನಾಳಕ್ಕೆ ಕೊಟ್ಟ ಕೋಶಗಳಲ್ಲಿ ಜಾಸ್ತಿ ಪಾಲು ಶ್ವಾಸಕೋಶದಲ್ಲೇ ಸಿಕ್ಕಿಬೀಳುತ್ತವೆ. ಉಳಿಯುವವು ಕಡಿಮೆ. ಆದರೂ ಪ್ರಾಣಿಗಳಲ್ಲಿ ಗುಣ ಕಂಡಿತು. 2010ರಲ್ಲಿ ಸಿಂಗಪುರದವರೂ ಇದ್ದ ತಂಡವೊಂದು ಕೋಶ ಬಿಟ್ಟು ಬರೀ ಎಕ್ಸೊಸೋಮ್ ಕೊಟ್ಟು, ಇಲಿಯ ಹೃದಯಕ್ಕೆ ಆಗುವ ಹಾನಿ ಕಡಿಮೆಯಾಗುತ್ತದೆ ಅಂತ ತೋರಿಸಿತು. ಅಂದರೆ ಸಂಚಿ ತಾನೇ ಹೋಗಿ ತೇಪೆ ಹಾಕುವುದಿಲ್ಲ. ಉರಿಯೂತ ತಗ್ಗಿಸುತ್ತದೆ, ಸಾಯುವ ಕೋಶವನ್ನು ಉಳಿಸುತ್ತದೆ, ಹೊಸ ರಕ್ತನಾಳ ಚಿಗುರಲು ಪ್ರಚೋದನೆ ಕೊಡುತ್ತದೆ. ಕೆಲಸ ಮಾಡೋದು ಅಲ್ಲಿಯ ಕೋಶಗಳೇ. ‘ದುರಸ್ತಿ’ ಅಂದರೆ ಮೆಕ್ಯಾನಿಕ್ ಬಂದು ಕೆಲಸ ಮುಗಿಸಿ ಹೋದ ಹಾಗಾಯ್ತು, ಅಲ್ವಾ? ಎಕ್ಸೊಸೋಮ್ ಚುಚ್ಚಿ ಮಂಡಿನೋವು ವಾಸಿ ಮಾಡ್ತೀವಿ ಅನ್ನುವ ಜಾಹೀರಾತುಗಳಿಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ. ಇಂಥವುಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಎಚ್ಚರಿಸಿದೆ.

‘ಮಾಯು’ ನನಗೆ ಇಷ್ಟ. ಗಾಯ ತಾನಾಗಿ ಮಾಯುತ್ತದೆ, ಔಷಧಿ ನೆರವಾಗುತ್ತದೆ ಅಷ್ಟೇ. ಆದರೆ ಮಾಯೋದು ಗಾಯ, ಹುಣ್ಣು. ‘ಹೃದಯ ಮಾಯಿತು’ ಅಂದರೆ ಕೇಳಿದವರು ನಗುತ್ತಾರೆ. ‘ಚೇತರಿಸಿಕೊಳ್ಳು’ ಹೃದಯಕ್ಕೂ ಆದೀತು, ಆದರೆ ಅದು ರೋಗಿಯ ಮಾತು, ಅಂಗಾಂಶಕ್ಕೆ ಸ್ವಲ್ಪ ದೂರ.

ಕುಮಟಾ, ಅಂಕೋಲಾ, ಕಾರವಾರ ಕಡೆಯವರನ್ನು ವಿಶೇಷವಾಗಿ ಕೇಳುತ್ತಿದ್ದೇನೆ: ‘ಒಳಪೆಟ್ಟು ಮಾಯಿತು’ ಅಂತ ನಿಮ್ಮಲ್ಲಿ ಯಾರಾದರೂ ಹೇಳುತ್ತಾರಾ? ಸದ್ಯಕ್ಕೆ ನನ್ನ ವಾಕ್ಯ ಇದು: “ಆಕರಕೋಶ ಬಿಡುವ ಸಂಚಿಗಳು ಹೃದಯಕ್ಕಾದ ಪೆಟ್ಟು ಮಾಯಲು ನೆರವಾಗುತ್ತವೆ.” ‘ಸ್ರವಿಸುವ’ ಬೇಡ, ಅದು ದ್ರವಕ್ಕಿರಲಿ. ಬೇರೆಲ್ಲಿ ಎಡವುತ್ತದೆ ನೋಡಿ ಹೇಳಿ.