ಸಹಾಯ ಬೇಕು: ಹಿಮನದಿ ಮರಳಿನ ಆಳದಲ್ಲಿ ಜೇಡಿ ಪಟ್ಟಿ ಹುಡುಕುವುದು ಹೇಗೆ?

ಅಮೆರಿಕದ ಉತ್ತರ ಮಿಷಿಗನ್‌ನ ಗ್ರೇಲಿಂಗ್ ಕಡೆ ಕಾಡಿನ ಮಣ್ಣು ನೋಡಿ ಗೊತ್ತಿರುವವರು ದಯವಿಟ್ಟು ಹೇಳಿ. ಹಿಮನದಿ ಕರಗಿದ ನೀರು ಹಾಸಿ ಹೋದ ಮರಳುಬಯಲು ಇದು. ನೀರು ನಿಲ್ಲಲ್ಲ, ಸತ್ವವೂ ಕಡಿಮೆ. ಹಾಗಾಗಿ ಬಡ ಮಣ್ಣಲ್ಲೂ ಬೆಳೆಯುವ ಜ್ಯಾಕ್ ಪೈನ್ ಮರ. ಹಿಮನದಿ ತಂದು ರಾಶಿ ಹಾಕಿದ ಮೊರೇನ್ ದಿಬ್ಬಗಳಲ್ಲಿ ಕಲ್ಲು, ಮರಳು, ಜೇಡಿ ಬೆರೆತ ಕಡೆ ನೀರು, ಸತ್ವ ಹೆಚ್ಚು ಬೇಡುವ ಶುಗರ್ ಮೇಪಲ್, ಬೀಚ್ ಮರಗಳು. ಇಷ್ಟು ಸ್ಪಷ್ಟ.

ಆದರೆ ಸಮತಟ್ಟು ಮರಳಲ್ಲೇ ಒಂದು ಕಡೆ ಮೇಪಲ್ ಸೊಂಪಾಗಿ ನಿಂತಿದೆ. ಆಳದಲ್ಲಿ ಜೇಡಿ ಬೆರೆತ ತೆಳು ಪಟ್ಟಿಗಳಿರಬೇಕು ಅನ್ನೋದು ನಮ್ಮ ಅಂದಾಜು. ಬೆರಳು ದಪ್ಪದ ಪಟ್ಟಿಯೂ ಇಳಿಯುವ ನೀರನ್ನು ಬೇರಿಗೆ ಸಿಗುವಂತೆ ತಡೆಯುತ್ತದೆ. 1 ಮೀಟರ್ ಗುಂಡಿಯಲ್ಲಿ ಕಂಡದ್ದು ಬೂದಿ ಬಣ್ಣದ ಪದರ, ಅದರಡಿ ಕಾಫಿಪುಡಿ ಬಣ್ಣದ್ದು, ಆಮೇಲೆ ಬರೀ ಹಳದಿ ಮರಳು.

2 ಮೀಟರ್‌ಗೆ ಆಗರ್ (ಮಣ್ಣು ಕೊರೆಯುವ ಸಾಧನ) ಇಳಿಸಿದರೆ ಒಣಮರಳು ಕುಸಿದು ತೂತು ಮುಚ್ಚುತ್ತೆ. ಮೇಲಿನದು ಕೆಳಗಿನದಕ್ಕೆ ಬೆರೆತು, ಪ್ರತಿ 10 ಸೆಂ.ಮೀ.ಗೆ ತೆಗೆದ ಹಿಡಿಮಣ್ಣು ಒದ್ದೆ ಮಾಡಿ ಹಿಸುಕಿದರೂ ಉಂಡೆ ಕಟ್ಟಲ್ಲ. ನೀರು ಸುರಿದರೆ ಮರಳು ನಿಲ್ಲಬಹುದು, ಆದರೆ ಪಟ್ಟಿಯನ್ನು ತೋರಿಸಿಕೊಡುವ ತೇವದ ವ್ಯತ್ಯಾಸವೇ ಅಳಿಸಿಹೋಗುತ್ತೆ.

ಪಿವಿಸಿ ಕೊಳವೆ ಇಳಿಸುತ್ತಾ ಅದರೊಳಗೆ ಕೊರೆದವರಿದ್ದೀರಾ? ಆಗರ್‌ಗಿಂತ ಕೊಳವೆ ಎಷ್ಟು ಅಗಲ ಇರಬೇಕು? ಗುಂಡು ಕಲ್ಲು ಸಿಕ್ಕರೆ ಏನು ಮಾಡುತ್ತೀರಿ?