‘ಕರುಳು ಇಳಿದಿದೆ’ ಎನ್ನುತ್ತೇವೆ. ಎದೆಗೆ ಏರಿದ್ದನ್ನು ಏನೆನ್ನೋಣ?

ಮಾನ್ಯರೇ,

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಮೊದಲು ಸಹಿ ಮಾಡಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ ಕಂಡ ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ. ಜಗಳೂರು ಕಡೆಯ ನಮ್ಮ ಪರಿಚಯದ ಹುಡುಗನೊಬ್ಬ ಟ್ರ್ಯಾಕ್ಟರ್ ಮಗುಚಿ ಅದರಡಿ ಸಿಕ್ಕಿ, ಪಕ್ಕೆಲುಬು ಮುರಿದುಕೊಂಡು, ವಾಸಿಯಾಗಿ ಮನೆಗೆ ಹೋಗಿದ್ದ. ಕೆಲವು ತಿಂಗಳ ಮೇಲೆ ಉಂಡೊಡನೆ ಉಸಿರು ಕಟ್ಟತೊಡಗಿತು. ಸ್ಕ್ಯಾನ್ ಮಾಡಿದಾಗ, ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯು ಎಡಗಡೆ ಹರಿದು, ಜಠರವೂ ದೊಡ್ಡ ಕರುಳಿನ ಒಂದು ಭಾಗವೂ ಎದೆಗೂಡನ್ನು ಹೊಕ್ಕಿರುವುದು ಕಂಡಿತು. ಪತ್ರದಲ್ಲಿ ಇದನ್ನು ‘ಆಘಾತಜನ್ಯ ವಪಾ ಅಂತ್ರವೃದ್ಧಿಯ ದುರಸ್ತಿ’ ಎಂದು ಬರೆದಿದ್ದರು. ನಾನು ಓದಿ ಹೇಳಿದ ಕೂಡಲೇ ಅವನ ತಾಯಿ, “ಅಂದ್ರ ಹಾರ್ಟಿಗೂ ಏನಾರ ಆಗೇತೇನ್ರೀ ಮೇಷ್ಟ್ರೇ?” ಎಂದು ಗಾಬರಿಯಾದರು.

ಆ ತಾಯಿ ಕೇಳಿದ್ದರಲ್ಲಿ ತಪ್ಪಿಲ್ಲ. ಆಘಾತ ಎಂಬುದಕ್ಕೆ ಸಂಸ್ಕೃತದಲ್ಲಿ ಹೊಡೆತವೆಂಬ ಅರ್ಥವಿದ್ದರೂ, ಇಂದಿನ ಕನ್ನಡದಲ್ಲಿ ಅದು ಕೆಟ್ಟ ಸುದ್ದಿ ಕೇಳಿದಾಗ ಮನಸ್ಸಿಗೆ ಆಗುವಂಥದ್ದು, ಇಲ್ಲವೇ ಹೃದಯಕ್ಕೆ ಆಗುವಂಥದ್ದು. ಮೈಗೆ ಬಿದ್ದದ್ದು ‘ಪೆಟ್ಟು’. ಇಷ್ಟು ಸಲೀಸಾದ ಮಾತು ಇರುವಾಗ ‘ಆಘಾತಜನ್ಯ’ವನ್ನು ಉಳಿಸಿಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಹರ್ನಿಯಾ ಎಂಬುದಕ್ಕೆ ಬಳಸಿರುವ ‘ಅಂತ್ರವೃದ್ಧಿ’ಯನ್ನು (ಅಂತ್ರ ಎಂದರೆ ಕರುಳು, ವೃದ್ಧಿ ಎಂದರೆ ಊತ, ಬೆಳೆತ) ಹಾಗೆ ಸುಲಭವಾಗಿ ಕೈಬಿಡುವಂತಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದ 12ನೆಯ ಅಧ್ಯಾಯದಲ್ಲಿ ಏಳು ಬಗೆಯ ವೃದ್ಧಿಗಳ ಪೈಕಿ ಇದೂ ಒಂದು; ಅದರ ಕಾರಣಗಳಲ್ಲಿ ಭಾರ ಹೊರುವುದು, ತನಗಿಂತ ಬಲವಂತನೊಡನೆ ಸೆಣಸುವುದು, ಮರದಿಂದ ಬೀಳುವುದು ಸೇರಿವೆ. ಚನ್ನಗಿರಿಯ ಅಡಿಕೆ ತೋಟಗಳನ್ನು ಬಲ್ಲವರಿಗೆ ಈ ಕೊನೆಯ ಕಾರಣ ಹಳೆಯ ಪುಸ್ತಕದ ಮಾತಿನಂತೆ ಕೇಳಿಸುವುದಿಲ್ಲ. ಆದರೆ ಅಲ್ಲಿ ವರ್ಣಿಸಿರುವುದು ಕರುಳು ತೊಡೆಸಂದಿಗೆ, ಅಲ್ಲಿಂದ ವೃಷಣದ ಚೀಲಕ್ಕೆ ಇಳಿಯುವ ಸ್ಥಿತಿಯನ್ನು. ನಮ್ಮ ಜನ ‘ಕರುಳು ಇಳಿದಿದೆ’ ಎನ್ನುವುದೂ, ಕೆಲವರು ‘ಅಂಡವಾಯು’ ಎನ್ನುವುದೂ ಅದನ್ನೇ. ಈ ಹುಡುಗನಲ್ಲಿ ಕರುಳು ಇಳಿದಿಲ್ಲ, ಏರಿದೆ. ಬರೀ ಕರುಳಲ್ಲ, ಜಠರವೂ ಏರಿದೆ. ಮೇಲಾಗಿ ಯಾವುದೂ ವೃದ್ಧಿಯಾಗಿಲ್ಲ. ಕೆಟ್ಟಿರುವುದು ನಡುವಿನ ಗೋಡೆ. ಸೈಕಲ್ಲಿನ ಹ್ಯಾಂಡಲ್ ಹೊಟ್ಟೆಗೆ ನಾಟಿದ ಮಗುವಿನಲ್ಲಿ, ಅಥವಾ ಹೊನ್ನಾಳಿ ಕಡೆಯ ಹೋರಿ ಹಬ್ಬದಲ್ಲಿ ಕೊಂಬಿನ ತಿವಿತಕ್ಕೆ ಸಿಕ್ಕವನಲ್ಲಿ, ಮೇಲಿನ ಚರ್ಮ ಹರಿಯದೆಯೇ ಒಳಗಿನ ಸ್ನಾಯು ಹರಿದು ಕರುಳು ಚರ್ಮದಡಿಗೆ ನುಗ್ಗಬಹುದು. ಅಲ್ಲಿಯೂ ‘ಇಳಿಯಿತು’ ಎಂಬ ಮಾತು ಹೊಂದುವುದಿಲ್ಲ. ಆದ್ದರಿಂದ ಹೆಸರು ಕರುಳನ್ನು ಹಿಡಿಯದೆ ಗೋಡೆಯನ್ನು ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ. ಹರ್ನಿಯಾ ಎಂಬ ಲ್ಯಾಟಿನ್ ಪದವನ್ನೂ ‘ಹರಿದದ್ದು’ ಎಂಬ ಅರ್ಥದಲ್ಲೇ ವಿವರಿಸುತ್ತಾರೆ.

ಇಲ್ಲಿ ಕನ್ನಡದ ಕ್ರಿಯಾಪದಗಳು ತುಂಬ ನೆರವಾಗುತ್ತವೆ. ಹೊಟ್ಟೆಯ ಮೇಲೆ ಭಾರ ಬಿದ್ದಾಗ ಒಳಗಿನ ಒತ್ತಡ ತಟ್ಟನೆ ಏರಿ ವಪೆ ಉದ್ದಕ್ಕೆ ಒಡೆಯುತ್ತದೆ. ಬಲಗಡೆ ಯಕೃತ್ತು ಒತ್ತಾಸೆಯಾಗಿ ನಿಲ್ಲುವುದರಿಂದ ಎಡಗಡೆಯೇ ಹೆಚ್ಚಾಗಿ ಹೀಗಾಗುವುದು. ಇದಕ್ಕೆ ‘ಬಿರಿ’ ಎಂಬುದೇ ತಕ್ಕ ಮಾತು, ಹೊಟ್ಟೆ ಬಿರಿಯುವಂತೆ ಉಂಡೆ ಎನ್ನುವಾಗಲೂ ಒಳಗಿನಿಂದ ಬರುವ ಒತ್ತಡವನ್ನೇ ಹೇಳುತ್ತೇವಲ್ಲ. ಚೂರಿ ಅಥವಾ ಗುಂಡಿನಿಂದ ಆಗುವುದು ಚಿಕ್ಕ ‘ತೂತು’. ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ 1579ರಲ್ಲಿ ದಾಖಲಿಸಿದ ಫಿರಂಗಿದಳದ ಕ್ಯಾಪ್ಟನ್ ಗುಂಡೇಟಿನಿಂದ ಬದುಕಿ ಉಳಿದರೂ ಎಂಟು ತಿಂಗಳ ನಂತರ ತೀರಿಕೊಂಡ. ಕಿರುಬೆರಳ ತುದಿ ಮಾತ್ರ ಹಿಡಿಸುವ ತೂತಿನಲ್ಲಿ ದೊಡ್ಡ ಕರುಳು ಸಿಕ್ಕಿ ಕೊಳೆತಿತ್ತು. ಚಿಕ್ಕದೆಂದು ಅಲಕ್ಷಿಸಲಾಗದ ಈ ತೂತಿಗೂ ಅಂಗೈಯಗಲ ಬಿರಿದದ್ದಕ್ಕೂ ಒಂದೇ ಹೆಸರಿಟ್ಟರೆ ರೋಗಿಯ ಮನೆಯವರಿಗೆ ವ್ಯತ್ಯಾಸ ತಿಳಿಯುವ ದಾರಿ ಮುಚ್ಚುತ್ತದೆ.

‘ದುರಸ್ತಿ’ ಪಂಪ್‌ಸೆಟ್ಟಿಗೆ ಸರಿ, ದೇಹಕ್ಕೆ ಒಗ್ಗದು. ವೈದ್ಯರು ಮಾಡುವುದಾದರೂ ಏನು? ಎದೆಯೊಳಗೆ ಸೇರಿದ ಅಂಗಗಳನ್ನು ಕೆಳಗೆ ಎಳೆದು, ಹರಿದ ಅಂಚುಗಳನ್ನು ಕರಗದ ದಾರದಿಂದ ಕೂಡಿಸಿ ಹೊಲಿಯುತ್ತಾರೆ. ಅಂಚುಗಳು ಕೂಡದಷ್ಟು ಅಗಲವಾಗಿದ್ದರೆ ಮೆಶ್ ಎಂಬ ಬಲೆಯಂಥ ತೇಪೆ ಇಡುತ್ತಾರೆ. ಪೆಟ್ಟು ಬಿದ್ದು ಬಹಳ ದಿನವಾಗಿ ಅಂಗಗಳು ಶ್ವಾಸಕೋಶಕ್ಕೆ ಅಂಟಿದ್ದರೆ, ಹೊಟ್ಟೆಯ ಬದಲು ಎದೆಯ ಕಡೆಯಿಂದ ತೆರೆಯುವುದೂ ಉಂಟು. ಹೀಗಿರುವಾಗ ‘ಸೇರಿಸಿ ಹೊಲಿಯುವ ಆಪರೇಷನ್’ ಎಂದರೆ ಸಾಲದೇ?

ನಾನು ಆ ತಾಯಿಗೆ ಕೊನೆಗೆ ಬರೆದುಕೊಟ್ಟದ್ದು ಹೀಗೆ: ‘ಪೆಟ್ಟಿನ ಹರ್ನಿಯಾ. ವಪೆ ಬಿರಿದು, ಹೊಟ್ಟೆಯಲ್ಲಿರಬೇಕಾದ ಅಂಗಗಳು ಎದೆಗೆ ಏರಿವೆ. ಅವನ್ನು ಕೆಳಗಿಳಿಸಿ ಬಿರಿದದ್ದನ್ನು ಹೊಲಿಯುತ್ತಾರೆ.’ ಅವರು ಅದನ್ನು ಎರಡು ಸಲ ಓದಿಸಿಕೊಂಡು ಸಹಿ ಮಾಡಿದರು.

‘ವಪೆ’ಯ ಬಗ್ಗೆ ಮಾತ್ರ ನನ್ನ ಅನುಮಾನ ತೀರಿಲ್ಲ. ಶಾಲೆಯ ವಿಜ್ಞಾನ ಪುಸ್ತಕಗಳಿಂದ ಅದು ಉಸಿರಾಟದ ಸ್ನಾಯುವಿನ ಹೆಸರಾಗಿ ನೆಲೆಯೂರಿದೆ. ವೈದಿಕ ಸಂಸ್ಕೃತದಲ್ಲಿ ವಪಾ ಎಂದರೆ ಕರುಳಿನ ಮುಂದೆ ಜೋಲುವ ಕೊಬ್ಬಿನ ಪೊರೆ, ವೈದ್ಯರು ಓಮೆಂಟಮ್ ಎನ್ನುವುದು. ವಪೆ ಬಿರಿದಾಗ ಆ ಕೊಬ್ಬಿನ ಪೊರೆಯೂ ಎಷ್ಟೋ ಸಲ ಎದೆಗೆ ನುಗ್ಗುವುದರಿಂದ, ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಬೇಕಾಗುತ್ತದೆ. ಕುರಿ ಕೊಯ್ಯುವವರು ಈ ಎರಡು ಪೊರೆಗಳನ್ನೂ ದಿನವೂ ಕೈಯಾರೆ ಬಿಡಿಸುತ್ತಾರೆ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆ ಅವರು ಇವನ್ನು ಬೇರೆ ಬೇರೆ ಏನೆಂದು ಕರೆಯುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.